ಮುಸ್ಸಂಜೆಗೆ ಏಳುವ ಕಂದು ಚಿಟ್ಟೆ: ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮರದ ಕೆಳಗೆ ತರಗೆಲೆ ತುಳಿಯುತ್ತಾ ಹೋಗುವಾಗ ಒಂದು ಒಣ ಎಲೆ ತಟ್ಟನೆ ಎದ್ದು ಹಾರುತ್ತದೆ. ನಾಲ್ಕು ಹೆಜ್ಜೆ ಆಚೆ ಇಳಿದು ಮಾಯವಾಗುತ್ತದೆ. ಅಲ್ಲೇ ಇಳಿದದ್ದು ಕಣ್ಣಾರೆ ಕಂಡಿದ್ದರೂ ಹತ್ತಿರ ಹೋದರೆ ಬರೀ ಎಲೆಗಳೇ. ನನಗೆ ಈ ಚಿಟ್ಟೆಯ ಪರಿಚಯ ಆದದ್ದು ಹಾಗೆ. ಆಮೇಲೆ ಎಷ್ಟೋ ಸಂಜೆ ಹುಲ್ಲಿನ ಪಕ್ಕ ಕೂತು ಇದನ್ನೇ ನೋಡಿದ್ದೇನೆ. ಚಿಟ್ಟೆ ನೋಡಲು ನನ್ನ ಜೊತೆ ಬಂದ ಮಕ್ಕಳು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಈ ಚಿಟ್ಟೆಯ ಹೆಸರೇನು?

ಚಿಟ್ಟೆ ನೋಡುವವರ ಬಾಯಲ್ಲಿ ಇದು ಕಾಮನ್ ಈವ್ನಿಂಗ್ ಬ್ರೌನ್. ಸಂಜೆ ಹಾರುವ ಕಂದು ಚಿಟ್ಟೆ ಆದ್ದರಿಂದ ಇಲ್ಲಿ ಅದನ್ನು ಸಂಜೆಗಂದು ಎಂದು ಕರೆಯುತ್ತೇನೆ. ವೈಜ್ಞಾನಿಕ ಹೆಸರು ಮೆಲಾನೈಟಿಸ್ ಲೀಡಾ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನೇಯಸ್ ಇದಕ್ಕೆ ಲೀಡಾ ಎಂದು ಹೆಸರಿಟ್ಟರು. ಲೀಡಾ ಗ್ರೀಕ್ ಪುರಾಣದ ಒಬ್ಬ ರಾಣಿ. ಚಿಟ್ಟೆಗಳಿಗೆ ಆ ಪುರಾಣಗಳ ಹೆಸರು ಇಡುವುದು ಲಿನೇಯಸ್‌ಗೆ ತುಂಬಾ ಇಷ್ಟವಾಗಿತ್ತು.

ಇದು ಎಲ್ಲೆಲ್ಲಿ ಇದೆ?

ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಅಲ್ಲಿಂದ ಆಸ್ಟ್ರೇಲಿಯಾದವರೆಗೂ ಇದೆ. ಒಂದೇ ಜಾತಿಯ ಚಿಟ್ಟೆ ಇಷ್ಟು ದೂರ ಹರಡಿಕೊಳ್ಳುವುದು ದೊಡ್ಡ ಸಂಗತಿ. ಇದರ ಮರಿಹುಳಗಳು ತಿನ್ನುವುದು ಹುಲ್ಲು. ಬೆಚ್ಚಗಿನ ನಾಡುಗಳಲ್ಲಿ ಹುಲ್ಲಿಲ್ಲದ ಜಾಗ ಎಲ್ಲಿದೆ ಹೇಳಿ? ಹುಲ್ಲುಗಾವಲು, ಕಾಡಿನ ಅಂಚು, ಗದ್ದೆಯ ಬದು, ತೋಟ, ಶಾಲೆಯ ಹಿಂದಿನ ಪಾಳು ಜಾಗ, ಎಲ್ಲಾ ಕಡೆ ಇದಕ್ಕೆ ಮನೆ ಇದೆ. ಒಂದೇ ಒಂದು ಷರತ್ತು: ಹುಲ್ಲಿನ ಹತ್ತಿರದಲ್ಲೇ ಹಗಲು ಮಲಗಲು ಸ್ವಲ್ಪ ನೆರಳು ಬೇಕು.

ನೋಡಿದ ಕೂಡಲೇ ಗುರುತು ಹಿಡಿಯೋದು ಹೇಗೆ?

ರೆಕ್ಕೆ ಬಿಡಿಸಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 6ರಿಂದ 8 ಸೆಂಟಿಮೀಟರ್ ಇರುತ್ತದೆ. ಆದರೆ ಇದು ರೆಕ್ಕೆ ಬಿಡಿಸಿ ಕೂರುವುದು ತೀರಾ ಕಡಿಮೆ. ರೆಕ್ಕೆಯ ಒಳಮೈ ಗಾಢ ಕಂದು. ಮುಂದಿನ ರೆಕ್ಕೆಯ ತುದಿಯ ಹತ್ತಿರ ಒಂದು ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಚುಕ್ಕೆ, ಪಕ್ಕದಲ್ಲಿ ಸ್ವಲ್ಪ ಕಿತ್ತಳೆ ಬಣ್ಣ. ಹಾರುವಾಗ ಈ ಕಿತ್ತಳೆ ಒಂದು ಕ್ಷಣ ಮಿನುಗಿ ಹೋಗುತ್ತದೆ.

ಕೂತಾಗ ಕಾಣುವುದು ರೆಕ್ಕೆಯ ಹೊರಮೈ ಮಾತ್ರ. ಅದು ಪೂರ್ತಿ ಒಣಗಿದ ಎಲೆಯ ಥರ. ಮುಂದಿನ ರೆಕ್ಕೆಯ ತುದಿ ಕೊಕ್ಕೆಯ ಹಾಗೆ ಸ್ವಲ್ಪ ಬಾಗಿದೆ. ಹಿಂದಿನ ರೆಕ್ಕೆಗೆ ಒಂದು ಗಿಡ್ಡ ಬಾಲ. ಈ ಕೊಕ್ಕೆ ಮತ್ತು ಬಾಲ ಎರಡೂ ಸೇರಿ ಎಲೆಯ ತುದಿ, ಎಲೆಯ ತೊಟ್ಟು ಆಗಿಬಿಡುತ್ತವೆ.

ಸಂಜೆ ಹಾರುತ್ತೆ, ಬಣ್ಣವೂ ಮಂಕು. ಇದು ಪತಂಗ ಅಲ್ವಾ?

ಅಲ್ಲ, ಚಿಟ್ಟೆಯೇ. ತಲೆಯ ಮೇಲಿನ ಎರಡು ಕುಡಿಮೀಸೆ ನೋಡಿ. ಚಿಟ್ಟೆಯ ಕುಡಿಮೀಸೆ ತೆಳ್ಳಗೆ ಹೋಗಿ ತುದಿಯಲ್ಲಿ ಸ್ವಲ್ಪ ದಪ್ಪ ಆಗುತ್ತದೆ. ಪತಂಗಗಳದ್ದು ಹೆಚ್ಚಾಗಿ ದಾರದಂತೆ ಅಥವಾ ಗರಿಯಂತೆ ಇರುತ್ತದೆ. ಸಂಜೆಗಂದಿನ ಕುಡಿಮೀಸೆಯ ತುದಿ ಅಷ್ಟೇನೂ ದಪ್ಪ ಅಲ್ಲ, ಹಾಗಾಗಿ ಹತ್ತಿರದಿಂದ ನೋಡಬೇಕು.

ಹಗಲು ಚಿಟ್ಟೆಯದು, ರಾತ್ರಿ ಪತಂಗದ್ದು ಎಂಬ ನಿಯಮ ಪೂರ್ತಿ ನಿಜವಲ್ಲ. ಹಗಲಲ್ಲಿ ಹಾರುವ ಬಣ್ಣಬಣ್ಣದ ಪತಂಗಗಳು ಬೇಕಾದಷ್ಟಿವೆ. ದಕ್ಷಿಣ ಅಮೆರಿಕದಲ್ಲಿ ಗೂಬೆಗಣ್ಣಿನ ಚುಕ್ಕೆ ಇರುವ ದೊಡ್ಡ ಔಲ್ ಚಿಟ್ಟೆಗಳೂ ಸಂಜೆಗೇ ಹೊರಡುತ್ತವೆ.

ಹಗಲೆಲ್ಲಾ ಎಲ್ಲಿರುತ್ತೆ?

ನೆಲದ ಮೇಲೆ, ತರಗೆಲೆಗಳ ನಡುವೆ, ಪೊದೆಯ ನೆರಳಲ್ಲಿ. ರೆಕ್ಕೆ ಮುಚ್ಚಿ, ಮುಂದಿನ ರೆಕ್ಕೆಯನ್ನು ಹಿಂದಿನ ರೆಕ್ಕೆಯೊಳಗೆ ಎಳೆದುಕೊಂಡು ಕೂರುತ್ತದೆ. ಕೆಲವು ಸಲ ಮೈಯನ್ನು ಒಂದು ಕಡೆಗೆ ವಾಲಿಸಿಕೊಂಡಿರುತ್ತದೆ. ಬಿದ್ದ ಎಲೆ ನೆಟ್ಟಗೆ ನಿಲ್ಲುವುದಿಲ್ಲ, ಅಲ್ವಾ?

ತನ್ನ ವೇಷದ ಮೇಲೆ ಇದಕ್ಕೆ ಎಷ್ಟು ನಂಬಿಕೆ ಎಂದರೆ ನೀವು ಇನ್ನೇನು ಕಾಲಿಡಬೇಕು ಎನ್ನುವವರೆಗೂ ಅಲುಗಾಡುವುದಿಲ್ಲ. ಕೊನೆಗೆ ಎದ್ದರೂ ದೂರ ಹೋಗುವುದಿಲ್ಲ. ಕೆಳಗೇ ಅಡ್ಡಾದಿಡ್ಡಿ ಹಾರಿ ಮತ್ತೆ ಎಲೆಗಳ ನಡುವೆ ಇಳಿಯುತ್ತದೆ. ಹಾಗಾಗಿ ಎಲ್ಲಿ ಇಳಿಯಿತು ಎಂದು ಕಣ್ಣು ಕದಲಿಸದೆ ನೋಡಿಟ್ಟುಕೊಳ್ಳಿ. ಒಂದು ಸಲ ಕಣ್ಣು ಬೇರೆ ಕಡೆ ಹೋದರೆ ಮುಗೀತು.

ಬೇರೆ ಚಿಟ್ಟೆಗಳು ಮಲಗೋ ಹೊತ್ತಿಗೆ ಇದು ಯಾಕೆ ಏಳುತ್ತೆ?

ಮೊದಲು ಇನ್ನೊಂದು ಪ್ರಶ್ನೆ ಕೇಳೋಣ. ಬೇರೆ ಚಿಟ್ಟೆಗಳು ಸಂಜೆ ಯಾಕೆ ಹಾರುವುದಿಲ್ಲ? ಹಾರಬೇಕಾದರೆ ಚಿಟ್ಟೆಯ ಎದೆಯ ಸ್ನಾಯುಗಳು ಬೆಚ್ಚಗಿರಬೇಕು. ಹೆಚ್ಚಿನ ಚಿಟ್ಟೆಗಳು ಆ ಶಾಖವನ್ನು ಬಿಸಿಲಿನಿಂದ ಪಡೆಯುತ್ತವೆ. ಬೆಳಗ್ಗೆ ಅವು ರೆಕ್ಕೆ ಹರಡಿ ಬಿಸಿಲು ಕಾಯಿಸುವುದನ್ನು ನೀವು ನೋಡಿರಬಹುದು. ಬಿಸಿಲು ಹೋದ ಮೇಲೆ ಅವು ನಿಧಾನ ಆಗುತ್ತವೆ. ಸಂಜೆಗಂದು ಇರುವ ಸೀಮೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಗಾಳಿ ಬೆಚ್ಚಗಿರುತ್ತದೆ. ಆ ಶಾಖ ಇದಕ್ಕೆ ಸಾಕು.

ಇನ್ನು ಆ ಹೊತ್ತಿನ ಲಾಭ. ಚಿಟ್ಟೆ ಹಿಡಿಯುವ ಹಕ್ಕಿಗಳು ಆಗ ಗೂಡು ಸೇರುತ್ತಿರುತ್ತವೆ. ಹಗಲಲ್ಲಿ ನೆಲದ ಮೇಲೆ ಅಲುಗದೆ ಕೂತ ಕಂದು ಚಿಟ್ಟೆ ಕಣ್ಣಿಗೆ ಬೀಳುವುದಿಲ್ಲ. ಅದೇ ಚಿಟ್ಟೆ ಹಗಲಲ್ಲಿ ಹಾರಿದರೆ ವೇಷ ಕಳಚಿದ ಹಾಗೆ. ಆದ್ದರಿಂದ ಬೆಳಕಿರುವಾಗ ಎಲೆಯಾಗಿ ಇದ್ದು, ಬೆಳಕು ಕಡಿಮೆಯಾದಾಗ ಚಿಟ್ಟೆಯಾಗುವುದು ಇದರ ಬಾಳಿನ ಕ್ರಮ. ಅಪಾಯ ಪೂರ್ತಿ ತಪ್ಪಿತು ಎಂದೇನಲ್ಲ. ಬಾವಲಿಗಳು ಹೊರಡುವುದೂ ಅದೇ ಹೊತ್ತಿಗೆ.

ಬೆಳಗಿನ ಜಾವದ ಮಬ್ಬಿನಲ್ಲೂ ಇದು ಹಾರುತ್ತದೆ. ಆ ಹೊತ್ತಿಗೆ ಎದ್ದು ನೋಡುವವರು ಕಡಿಮೆ, ಅಷ್ಟೇ.

ಅಷ್ಟು ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುತ್ತಾ?

ಚಿಟ್ಟೆಯ ಒಂದೊಂದು ಕಣ್ಣೂ ಸಾವಿರಾರು ಪುಟ್ಟ ಪುಟ್ಟ ಕಣ್ಣುಗಳ ಗೊಂಚಲು. ರಾತ್ರಿ ಹಾರುವ ಪತಂಗದ ಕಣ್ಣಲ್ಲಿ ಹಲವು ಪುಟ್ಟ ಮಸೂರಗಳ ಬೆಳಕು ಒಂದೇ ಜಾಗಕ್ಕೆ ಸೇರುತ್ತದೆ. ಅದರಿಂದ ತೀರಾ ಮಂದ ಬೆಳಕಲ್ಲೂ ಕಾಣುತ್ತದೆ. ಚಿಟ್ಟೆಯ ಕಣ್ಣಲ್ಲಿ ಸಾಮಾನ್ಯವಾಗಿ ಒಂದೊಂದು ಮಸೂರದ ಬೆಳಕು ಅದರ ಕೆಳಗಿನ ಜಾಗಕ್ಕೆ ಮಾತ್ರ ಹೋಗುತ್ತದೆ. ಇಂಥ ಕಣ್ಣು ಹಗಲಿಗೆ ಚೆನ್ನ, ಕತ್ತಲಿಗೆ ಸಾಲದು. ಸಂಜೆಗಂದು ಚಿಟ್ಟೆಗಳ ಮನೆತನದ್ದೇ ಆದ್ದರಿಂದ ಪೂರ್ತಿ ರಾತ್ರಿಯಲ್ಲಿ ಅಲ್ಲ, ಬೆಳಕು ಇನ್ನೂ ಸ್ವಲ್ಪ ಉಳಿದಿರುವ ಹೊತ್ತಿನಲ್ಲಿ ಅದರ ಓಡಾಟ ಜಾಸ್ತಿ.

ಮಳೆಗಾಲದಲ್ಲಿ ನೋಡಿದ್ದಕ್ಕೆ ರೆಕ್ಕೆ ತುಂಬಾ ಕಣ್ಣಿನಂಥ ಚುಕ್ಕೆ ಇತ್ತು. ಬೇಸಿಗೆಯಲ್ಲಿ ನೋಡಿದ್ದಕ್ಕೆ ಇರಲಿಲ್ಲ. ಎರಡೂ ಒಂದೇನಾ?

ಒಂದೇ! ನನಗೆ ಅತಿ ಹೆಚ್ಚು ಇಷ್ಟವಾದ ಪ್ರಶ್ನೆ ಇದು. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದದ ಉತ್ತರ.

ಸಂಜೆಗಂದಿಗೆ ಎರಡು ಉಡುಪು. ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಯ ರೆಕ್ಕೆಯ ಹೊರಮೈ ತಿಳಿ ಕಂದು. ಅದರ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳು, ಅಂಚಿನುದ್ದಕ್ಕೂ ಕಣ್ಣಿನಂಥ ದುಂಡು ಚುಕ್ಕೆಗಳು. ಹಿಂದಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 6 ಇರುತ್ತವೆ. ಪ್ರತಿ ಚುಕ್ಕೆಯಲ್ಲೂ ನಡುವೆ ಬಿಳಿ, ಸುತ್ತ ಕಪ್ಪು, ಅದರ ಸುತ್ತ ಹಳದಿ ಉಂಗುರ. ಒಣ ಕಾಲದಲ್ಲಿ ಹುಟ್ಟಿದ ಚಿಟ್ಟೆಯಲ್ಲಿ ಈ ಚುಕ್ಕೆಗಳು ಬರೀ ಬಿಂದುಗಳಾಗಿ ಕುಗ್ಗಿರುತ್ತವೆ. ಕೆಲವೊಮ್ಮೆ ಹುಡುಕಿದರೂ ಸಿಗುವುದಿಲ್ಲ. ರೆಕ್ಕೆಯ ತುದಿಯ ಕೊಕ್ಕೆ ಮಾತ್ರ ಇನ್ನಷ್ಟು ಚೂಪು.

ಒಂದೇ ಚಿಟ್ಟೆ ಉಡುಪು ಬದಲಿಸುವುದಿಲ್ಲ. ರೆಕ್ಕೆ ಒಮ್ಮೆ ಬಂದ ಮೇಲೆ ಮುಗಿಯಿತು. ಯಾವ ಉಡುಪು ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಇದನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಇದರ ಒಬ್ಬ ನೆಂಟನಲ್ಲಿ. ಆಫ್ರಿಕಾದ ಬೈಸೈಕ್ಲಸ್ ಅನೈನಾನಾ ಎಂಬ ಪುಟ್ಟ ಕಂದು ಚಿಟ್ಟೆ ಅದು. ಅದರ ಮರಿಹುಳಗಳನ್ನು 27 ಡಿಗ್ರಿ ಶಾಖದಲ್ಲಿ ಬೆಳೆಸಿದರೆ ದೊಡ್ಡ ಕಣ್ಣುಚುಕ್ಕೆಯ ಚಿಟ್ಟೆ ಬರುತ್ತದೆ. ಅದೇ ತಾಯಿಯ ಮರಿಗಳನ್ನು 17 ಡಿಗ್ರಿಯಲ್ಲಿ ಬೆಳೆಸಿದರೆ ಚುಕ್ಕೆ ಸಣ್ಣದು. ಅಲ್ಲಿ ಮಳೆಗಾಲ ಬೆಚ್ಚಗೆ, ಒಣ ಕಾಲ ತಂಪು. ಆದ್ದರಿಂದ ಮುಂದೆ ಯಾವ ಕಾಲ ಬರುತ್ತದೆ ಎಂಬ ಸುದ್ದಿ ಮರಿಹುಳಕ್ಕೆ ಶಾಖದಿಂದಲೇ ಸಿಗುತ್ತದೆ. ಆ ಸುದ್ದಿಯನ್ನು, ಮರಿಹುಳ ಚಿಟ್ಟೆಯಾಗುವ ಮೊದಲು ಸೇರುವ ಕೋಶದೊಳಗೆ ಬೆಳೆಯುತ್ತಿರುವ ರೆಕ್ಕೆಗೆ ಒಂದು ಹಾರ್ಮೋನು ಮುಟ್ಟಿಸುತ್ತದೆ.

ಯೋಚಿಸಿ ನೋಡಿ. ಹುಲ್ಲು ತಿನ್ನುತ್ತಾ ಕೂತ ಒಂದು ಹಸಿರು ಹುಳ, ತಾನು ಇನ್ನೂ ಕಾಣದ ಕಾಲಕ್ಕೆ ಬಟ್ಟೆ ಹೊಲಿಸಿಕೊಳ್ಳುತ್ತಿದೆ!

ಆ ಕಣ್ಣುಚುಕ್ಕೆ ಇರೋದು ಹಕ್ಕಿಯನ್ನ ಹೆದರಿಸೋಕಾ?

ದೊಡ್ಡ ಕಣ್ಣುಚುಕ್ಕೆ ಇರುವ ಕೆಲವು ಚಿಟ್ಟೆಗಳಲ್ಲಿ ಹಾಗೂ ಉಂಟು. ಸಂಜೆಗಂದಿನಂಥವುಗಳ ಅಂಚಿನ ಸಣ್ಣ ಚುಕ್ಕೆಗಳ ಕೆಲಸ ಬೇರೆ. ಅವು ಕೊಕ್ಕನ್ನು ದಾರಿ ತಪ್ಪಿಸುತ್ತವೆ. ಹಕ್ಕಿ ಅಥವಾ ಹಲ್ಲಿ ಎದ್ದು ಕಾಣುವ ಚುಕ್ಕೆಗೆ ಬಾಯಿ ಹಾಕುತ್ತದೆ. ಸಿಗುವುದು ರೆಕ್ಕೆಯ ಒಂದು ಚೂರು. ಚಿಟ್ಟೆಯ ಮೈ ಉಳಿಯುತ್ತದೆ.

ಹಾಗಾದರೆ ಒಣ ಕಾಲದಲ್ಲಿ ಚುಕ್ಕೆ ಯಾಕೆ ಬೇಡ? ಮಳೆಗಾಲದಲ್ಲಿ ಸುತ್ತಲೂ ಹಸಿರು. ಅದರ ಮಧ್ಯೆ ಕಂದು ಚಿಟ್ಟೆ ಹೇಗಿದ್ದರೂ ಕಂಡೇ ಕಾಣುತ್ತದೆ, ಹಾಗಾಗಿ ಏಟು ರೆಕ್ಕೆಯ ಅಂಚಿಗೆ ಬೀಳಲಿ. ಒಣ ಕಾಲದಲ್ಲಿ ನೆಲವೆಲ್ಲಾ ಕಂದು. ಆಗ ಸುಮ್ನೆ ಕೂತರೆ ಕಾಣುವುದೇ ಇಲ್ಲ. ಒಂದು ದುಂಡು ಚುಕ್ಕೆ ಇದ್ದರೆ ಅದೇ ಗುಟ್ಟು ಬಿಟ್ಟುಕೊಡುತ್ತದೆ.

ಬೇಸಿಗೆಯಲ್ಲಿ ಒಂದೇ ಥರದ ಎರಡು ಸಿಗೋದೇ ಇಲ್ಲ. ಯಾಕೆ?

ಸರಿಯಾಗಿ ಗಮನಿಸಿದ್ದೀರಿ. ಒಣ ಕಾಲದ ಸಂಜೆಗಂದುಗಳಲ್ಲಿ ಒಂದು ಬೂದು, ಒಂದು ಕೆಂಪು ಮಿಶ್ರಿತ ಕಂದು, ಒಂದಕ್ಕೆ ಕಪ್ಪು ಮಚ್ಚೆ, ಇನ್ನೊಂದಕ್ಕೆ ಎಲೆಯ ನಡುನರದಂಥ ಗೆರೆ. ತರಗೆಲೆಗಳೂ ಹಾಗೇ ತಾನೇ? ಒಂದರಂತೆ ಇನ್ನೊಂದಿಲ್ಲ. ಇದರಿಂದ ಇನ್ನೊಂದು ಲಾಭವೂ ಇರಬಹುದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಹಕ್ಕಿ ಒಂದು ಚಿಟ್ಟೆಯನ್ನು ಹಿಡಿದ ಮೇಲೆ ಅದೇ ರೂಪವನ್ನು ಮನಸ್ಸಲ್ಲಿಟ್ಟುಕೊಂಡು ಹುಡುಕುತ್ತದೆ. ಎಲ್ಲವೂ ಬೇರೆ ಬೇರೆ ಥರ ಇದ್ದರೆ ಆ ನೆನಪು ಕೆಲಸಕ್ಕೆ ಬರುವುದಿಲ್ಲ.

ಹೂವಿನ ಮೇಲೆ ಯಾವತ್ತೂ ಕಾಣಲ್ಲ. ಏನು ತಿನ್ನುತ್ತೆ?

ಕೊಳೆತ ಹಣ್ಣಿನ ರಸ, ಮರದ ತೊಗಟೆಯಿಂದ ಒಸರುವ ರಸ. ಮಾಗಿ ಬಿದ್ದು ಹುಳಿ ವಾಸನೆ ಬಂದ ಹಣ್ಣು ಎಂದರೆ ಬಹಳ ಇಷ್ಟ. ಸುರುಳಿ ಸುತ್ತಿದ ಹೀರುಕೊಳವೆಯನ್ನು ಬಿಚ್ಚಿ, ಹಣ್ಣಿಗೆ ಚುಚ್ಚಿ, ತುಂಬಾ ಹೊತ್ತು ಕೂರುತ್ತದೆ. ಆಗ ಎಷ್ಟು ಮೈಮರೆತಿರುತ್ತದೆ ಎಂದರೆ ನೀವು ಮೆಲ್ಲಗೆ ಒಂದು ಗೇಣು ಹತ್ತಿರ ಹೋದರೂ ಏಳುವುದಿಲ್ಲ.

ಸಂಜೆ ಎರಡು ಚಿಟ್ಟೆ ಒಂದರ ಸುತ್ತ ಒಂದು ಸುತ್ತುತ್ತಾ ಮೇಲೆ ಹೋಗ್ತಿದ್ವು. ಆಟಾನಾ, ಜಗಳಾನಾ?

ಹೆಚ್ಚಾಗಿ ಜಗಳ. ಗಂಡು ಸಂಜೆಗಂದು ಮುಸ್ಸಂಜೆಯಲ್ಲಿ ಒಂದು ಜಾಗ ಹಿಡಿದು ಕೂತು, ಹೆಣ್ಣು ಬರುವುದನ್ನು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಎರಡೂ ಸುತ್ತುತ್ತಾ ಹಾರಾಡುತ್ತವೆ. ಕೊನೆಗೆ ಒಂದು ಜಾಗ ಬಿಟ್ಟು ಹೋಗುತ್ತದೆ. ಚಿಟ್ಟೆಗೆ ಹಲ್ಲಿಲ್ಲ, ಪರಚುವಂಥ ಉಗುರಿಲ್ಲ, ಕೊಂಡಿಯೂ ಇಲ್ಲ. ಹಾರಾಟವೇ ಅದರ ಕುಸ್ತಿ. ಆಸ್ಟ್ರೇಲಿಯಾದಲ್ಲಿ ಇದೇ ಚಿಟ್ಟೆಯ ಮುಸ್ಸಂಜೆ ಕಾಳಗವನ್ನು ವಿಜ್ಞಾನಿಗಳು ಕೂತು ಅಧ್ಯಯನ ಮಾಡಿದ್ದಾರೆ.

ಎಣಿಸಿದರೆ 4 ಕಾಲು ಮಾತ್ರ ಇದೆ. ಕೀಟಕ್ಕೆ 6 ಇರಬೇಕಲ್ವಾ?

ಆರೂ ಇವೆ. ಮುಂದಿನ ಎರಡು ಕಾಲು ತುಂಬಾ ಚಿಕ್ಕವು, ಎದೆಗೆ ಅಂಟಿಕೊಂಡಿವೆ. ನಡೆಯಲು ಉಪಯೋಗಕ್ಕಿಲ್ಲ. ಸಂಜೆಗಂದು ಸೇರಿರುವ ನಿಂಫಾಲಿಡೇ ಎಂಬ ದೊಡ್ಡ ಕುಟುಂಬದ ಗುರುತೇ ಇದು.

ಮೊಟ್ಟೆ ಎಲ್ಲಿಡುತ್ತೆ? ಮರಿಹುಳ ಹೇಗಿರುತ್ತೆ?

ಹುಲ್ಲಿನ ಗರಿಯ ಅಡಿಭಾಗದಲ್ಲಿ ಮೊಟ್ಟೆ ಇಡುತ್ತದೆ. ಮಣಿಯಂತೆ ದುಂಡಗಿನ, ಮಾಸಲು ಬಣ್ಣದ ಹೊಳೆಯುವ ಮೊಟ್ಟೆ. ಒಂಟಿಯಾಗಿಯೂ ಇರಬಹುದು, ಕೆಲವು ಸಾಲಾಗಿಯೂ ಇರಬಹುದು. ಕೆಲವೇ ದಿನಗಳಲ್ಲಿ ಒಡೆದು ಮರಿ ಹೊರಬರುತ್ತದೆ.

ಮರಿಹುಳವನ್ನು ಮೊದಲ ಸಲ ನೋಡಿದಾಗ ನಗು ಬರದೆ ಇರುವುದಿಲ್ಲ. ಮೈಯೆಲ್ಲಾ ಹುಲ್ಲಿನ ಹಸಿರು, ಮೇಲೆ ಸಣ್ಣ ರೋಮ. ಹಿಂದೆ ಕವಲೊಡೆದ ಬಾಲ. ತಲೆಯ ಮೇಲೆ ಎರಡು ಕೊಂಬು! ಎದುರಿನಿಂದ ನೋಡಿದರೆ ಪುಟ್ಟ ಬೆಕ್ಕಿನ ಮುಖದ ಹಾಗೆ. ಕೊಂಬಿನಲ್ಲಿ ಕೆಂಪು ಅಥವಾ ಕಪ್ಪು ಬಣ್ಣ ಇರುತ್ತದೆ. ಆ ಕೊಂಬು ಚುಚ್ಚುವುದಿಲ್ಲ, ವಿಷವೂ ಇಲ್ಲ. ಆದರೂ ಮುಟ್ಟಬೇಡಿ. ಬೇರೆ ರೋಮದ ಹುಳಗಳನ್ನು ಇದೆಂದು ತಪ್ಪು ತಿಳಿದು ಮುಟ್ಟಿದರೆ ಕೈ ತುರಿಸಿ ಊದಿಕೊಳ್ಳಬಹುದು.

ಹುಳ ಗರಿಯ ಉದ್ದಕ್ಕೆ ಮೈ ಚಾಚಿ ಮಲಗಿದರೆ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಹುಡುಕಬೇಕಾದ್ದು ಹುಳವನ್ನಲ್ಲ, ಅದು ತಿಂದ ಗುರುತನ್ನು. ಗರಿಯ ಅಂಚು ಕತ್ತರಿ ಹಾಕಿದಂತೆ ಕಡಿದುಹೋಗಿದ್ದರೆ ಅಲ್ಲೇ ಗರಿಯ ಅಡಿ ನೋಡಿ. ಬೆಳೆಯುತ್ತಾ ಹಲವು ಸಲ ಪೊರೆ ಕಳಚುತ್ತದೆ. ಆಮೇಲೆ ಗರಿಗೆ ತಲೆಕೆಳಗಾಗಿ ಜೋತು ಕೋಶ ಕಟ್ಟುತ್ತದೆ. ಕೋಶವೂ ನುಣುಪಾದ ತಿಳಿಹಸಿರು, ಒಂದು ಹನಿ ಹಸಿರು ನೀರು ತೂಗಿದ ಹಾಗೆ. ಚಿಟ್ಟೆ ಬರುವ ಹಿಂದಿನ ದಿನ ಕೋಶ ಕಪ್ಪಾಗುತ್ತದೆ. ಒಳಗಿನ ರೆಕ್ಕೆಯ ಬಣ್ಣ ಅದು. ಮೊಟ್ಟೆಯಿಂದ ಚಿಟ್ಟೆಯವರೆಗೆ ಬೆಚ್ಚಗಿನ ದಿನಗಳಲ್ಲಿ ಒಂದು ತಿಂಗಳು, ಸ್ವಲ್ಪ ಹೆಚ್ಚು ಕಡಿಮೆ.

ಭತ್ತವೂ ಹುಲ್ಲೇ ಅಲ್ವಾ? ಬೆಳೆ ಹಾಳು ಮಾಡಲ್ವಾ?

ಭತ್ತ, ಜೋಳ, ಕಬ್ಬು ಎಲ್ಲವೂ ಹುಲ್ಲಿನ ಜಾತಿಯೇ. ಸಂಜೆಗಂದಿನ ಹುಳ ಭತ್ತದ ಗರಿಯನ್ನು ತಿನ್ನುವುದು ನಿಜ. ಆದರೆ ಬೆಳೆಗೆ ದೊಡ್ಡ ನಷ್ಟ ಮಾಡುವಷ್ಟು ಸಂಖ್ಯೆಯಲ್ಲಿ ಇರುವುದು ಅಪರೂಪ. ಇದರ ಮೊಟ್ಟೆಯೊಳಗೇ ಮೊಟ್ಟೆ ಇಡುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳಿವೆ. ಹುಳಗಳ ಮೈಯಲ್ಲಿ ಬೆಳೆಯುವ ಕಣಜ ಮತ್ತು ನೊಣಗಳೂ ಇವೆ. ಅವೇ ಲೆಕ್ಕ ಸರಿದೂಗಿಸುತ್ತವೆ.

ಮರಿಹುಳ ತಂದು ಸಾಕಬಹುದಾ?

ಒಂದೋ ಎರಡೋ ಆದರೆ ಸಾಕಬಹುದು. ಅಗಲ ಬಾಯಿಯ ಡಬ್ಬಿಗೆ ತೆಳು ಬಟ್ಟೆ ಕಟ್ಟಿ. ಹುಳ ಸಿಕ್ಕಿದ ಹುಲ್ಲನ್ನೇ ದಿನಾ ಹೊಸದಾಗಿ ಕೊಡಿ. ಕೀಟನಾಶಕ ಹೊಡೆದ ಜಾಗದ ಹುಲ್ಲು ಖಂಡಿತ ಬೇಡ. ಹಿಕ್ಕೆಯನ್ನು ಪ್ರತಿದಿನ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಹುಳವನ್ನು ಕೈಯಿಂದ ಎತ್ತುವ ಬದಲು ಅದು ಕೂತ ಗರಿಯನ್ನೇ ಕತ್ತರಿಸಿ ಹೊಸ ಹುಲ್ಲಿನ ಮೇಲಿಡಿ. ಡಬ್ಬಿ ಬಿಸಿಲಿಗೆ ಬೀಳದಿರಲಿ. ಹುಳ ಪೊರೆ ಬಿಡುವ ಮೊದಲು ತಿನ್ನದೆ ಒಂದೇ ಕಡೆ ಕೂರುತ್ತದೆ. ಕಾಯಿಲೆ ಎಂದು ಗಾಬರಿಯಾಗಿ ಕದಲಿಸಬೇಡಿ.

ಚಿಟ್ಟೆ ಹೊರಬಂದಾಗ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದುಡಿರುತ್ತದೆ. ಅದು ಜೋತು ನಿಲ್ಲಲು ಜಾಗ ಇರಬೇಕು, ಇಲ್ಲದಿದ್ದರೆ ರೆಕ್ಕೆ ಸೊಟ್ಟಗೆ ಒಣಗಿಬಿಡುತ್ತದೆ. ಆಗ ಚಿಟ್ಟೆಯಿಂದ ಬಣ್ಣದ ದ್ರವ ತೊಟ್ಟಿಕ್ಕುತ್ತದೆ. ರಕ್ತ ಎಂದು ಅತ್ತ ಮಕ್ಕಳಿದ್ದಾರೆ. ಅದು ರಕ್ತ ಅಲ್ಲ, ಕೋಶದಲ್ಲಿದ್ದಾಗ ಸೇರಿಕೊಂಡ ಕಸ. ರೆಕ್ಕೆ ಗಟ್ಟಿಯಾದ ಮೇಲೆ, ಅದೇ ಸಂಜೆ, ಹುಳ ತಂದ ಜಾಗದಲ್ಲೇ ಬಿಟ್ಟುಬಿಡಿ.

ಸಂಜೆ ಹೋಗಿ ನೋಡಬೇಕು. ಏನೇನು ಮಾಡಬೇಕು?

ಒಬ್ಬ ದೊಡ್ಡವರನ್ನು ಜೊತೆಗೆ ಕರೆದುಕೊಳ್ಳಿ. ಕಾಲಿಗೆ ಬೂಟು ಇರಲಿ, ಹುಲ್ಲಿನಲ್ಲಿ ಹಾವುಗಳೂ ಅದೇ ಹೊತ್ತಿಗೆ ಓಡಾಡುತ್ತವೆ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಹೋಗಿ. ಹುಲ್ಲು ಮತ್ತು ಮರದ ನೆರಳು ಸೇರುವ ಕಡೆ ಚೆನ್ನಾಗಿ ಕಳಿತು ಕಪ್ಪಾದ ಒಂದು ಬಾಳೆಹಣ್ಣನ್ನು ಸುಲಿದು, ಕಿವುಚಿ, ಇಟ್ಟು ಕಾಯಿರಿ. ಮೊದಲ ದಿನ ಬರದಿದ್ದರೆ ಮರುದಿನವೂ ಅಲ್ಲೇ ಇಡಿ. ಹಣ್ಣು ಹುಳಿತಷ್ಟೂ ಒಳ್ಳೆಯದು. ಟಾರ್ಚ್ ಬೆಳಕನ್ನು ನೇರವಾಗಿ ಚಿಟ್ಟೆಯ ಮೇಲೆ ಬಿಡಬೇಡಿ.

ಒಂದು ಪುಸ್ತಕದಲ್ಲಿ ದಿನಾಂಕ, ಮೊದಲ ಚಿಟ್ಟೆ ಎದ್ದ ಹೊತ್ತು, ಕಣ್ಣುಚುಕ್ಕೆ ದೊಡ್ಡದೋ ಚಿಕ್ಕದೋ ಇಷ್ಟು ಬರೆಯಿರಿ. ಒಂದು ವರ್ಷ ಬರೆದರೆ ಮಳೆಗಾಲದ ಉಡುಪು ಯಾವ ತಿಂಗಳಲ್ಲಿ ಬದಲಾಯಿತು ಎಂದು ನೀವೇ ಹೇಳಬಹುದು.

ಮನೆಯೊಳಗೆ ಬಂದುಬಿಟ್ಟರೆ?

ಕೋಣೆಯ ದೀಪ ಮತ್ತು ಫ್ಯಾನ್ ಆರಿಸಿ, ಕಿಟಕಿ ತೆರೆದಿಡಿ. ಗೋಡೆಯ ಮೇಲೆ ಕೂತಿದ್ದರೆ ಲೋಟ ಮುಚ್ಚಿ, ಹಿಂದೆ ಒಂದು ಕಾಗದ ತೂರಿಸಿ ಹೊರಗೆ ಬಿಡಿ. ರೆಕ್ಕೆ ಹಿಡಿದು ಎತ್ತಿದರೆ ಹುರುಪೆಗಳು ಉದುರುತ್ತವೆ. ಬೆರಳಿಗೆ ಅಂಟುವ ಕಂದು ಪುಡಿ ಅದೇ.

ಹುಲ್ಲೆಲ್ಲಾ ಕತ್ತರಿಸಿ ಚೊಕ್ಕಟ ಮಾಡಿದರೆ ಇದಕ್ಕೆ ತೊಂದರೆ ಆಗುತ್ತಾ?

ಆಗುತ್ತದೆ. ಹುಲ್ಲಿನ ಜೊತೆ ಮೊಟ್ಟೆ, ಹುಳ, ಕೋಶ ಮೂರೂ ಹೋಗುತ್ತವೆ. ತರಗೆಲೆ ಗುಡಿಸಿ ಸುಟ್ಟರೆ ಹಗಲು ಮಲಗುವ ಹಾಸಿಗೆಯೂ ಹೋಯಿತು, ಕೆಲವೊಮ್ಮೆ ಅದರ ಮೇಲೆ ಮಲಗಿದ್ದ ಚಿಟ್ಟೆಯೂ. ಈ ಜಾತಿ ಅಳಿವಿನ ಅಂಚಿನಲ್ಲೇನೂ ಇಲ್ಲ, ಸಾಕಷ್ಟು ಸಂಖ್ಯೆಯಲ್ಲಿದೆ. ಆದರೆ ಒಂದು ಜಾಗದಿಂದ ಅದು ಹೊರಟುಹೋಗಲು ಒಂದು ಬೆಂಕಿಕಡ್ಡಿ ಸಾಕು. ಮನೆಯ ಅಥವಾ ಶಾಲೆಯ ಅಂಗಳದಲ್ಲಿ ಒಂದು ಮೂಲೆಯನ್ನು ಹಾಗೇ ಬಿಡಲು ದೊಡ್ಡವರನ್ನು ಕೇಳಿ. ನಾಲ್ಕು ಹೆಜ್ಜೆ ಉದ್ದಗಲದ ಹುಲ್ಲು, ಪಕ್ಕದಲ್ಲಿ ಸ್ವಲ್ಪ ತರಗೆಲೆ ಇದ್ದರೂ ಸಾಕು.

ರೆಕ್ಕೆ ಹರಿದ ಚಿಟ್ಟೆ ಸಿಕ್ಕಿದೆ. ಅಂಟು ಹಾಕಿ ಸರಿಮಾಡಲಾ?

ಬೇಡ. ಮೊದಲು ಎಲ್ಲಿ ಹರಿದಿದೆ ನೋಡಿ. ಅಂಚಿನಲ್ಲಿ, ಕಣ್ಣುಚುಕ್ಕೆ ಇರಬೇಕಾದ ಕಡೆ, ತ್ರಿಕೋನದ ಆಕಾರದಲ್ಲಿ ಒಂದು ಚೂರು ಹೋಗಿದೆಯಾ? ಹಾಗಿದ್ದರೆ ಅದು ಹಕ್ಕಿಯ ಕೊಕ್ಕಿನ ಗುರುತು ಇರಬಹುದು. ಹಕ್ಕಿ ಚುಕ್ಕೆಗೆ ಕುಕ್ಕಿದೆ, ಚಿಟ್ಟೆ ತಪ್ಪಿಸಿಕೊಂಡಿದೆ. ಅಂಚಿನ ಚೂರು ಹೋದರೂ ಅದು ಹಾರುತ್ತದೆ. ಒಂದು ಎಲೆಯ ಮೇಲೆ ಹತ್ತಿಸಿಕೊಂಡು ನೆರಳಲ್ಲಿ, ತರಗೆಲೆಗಳ ನಡುವೆ ಬಿಡಿ. ಸಂಜೆ ಮತ್ತೆ ಹೋಗಿ ನೋಡಿದಾಗ ಅಲ್ಲಿ ಇಲ್ಲದಿದ್ದರೆ ಹುಲ್ಲಿನ ಮೇಲೆ ಕಣ್ಣಾಡಿಸಿ.